ಪಕ್ಕದ ಕೋಣೆಯ ಮುದುಕ

ನರಸಿಂಹರಾಜಪುರ
೧೭ ಮಾರ್ಚ್ ೨೦೦೩, ಸೋಮವಾರ ಮಧ್ಯಾಹ್ನ

ನನ್ನ ಗಾನೂ,

ಮೊದಲು ಬಸ್ಸಿನ ವಿಷಯ. ಬ್ಯಾಗಿಗೆ ಬಟ್ಟೆ ತುಂಬಿಸಿಕೊಂಡಿದ್ದರೆ ತೆಗೆದು ಮತ್ತೆ ಕಪಾಟಿನಲ್ಲಿಡು. ಬುಧವಾರ ನೀನು ಶೃಂಗೇರಿ ಬಿಟ್ಟು ಹೊರಡಬಾರದು. ಕಳೆದ ಗುರುವಾರ ಮನೆಯಿಂದ ಬಂದ ಪತ್ರದಲ್ಲಿ ಅಜ್ಜಿಗೆ ಸೀರಿಯಸ್, ಕಣ್ಣು ಮುಚ್ಚುವುದರೊಳಗೆ, ಬುಧವಾರ ತಪ್ಪದೆ ಬಂದು ಮುಖ ತೋರಿಸು ಅಂತ ಇತ್ತಲ್ಲ, ಅದು ಸುಳ್ಳು. ಅಜ್ಜಿ ಇವತ್ತು ಬೆಳಿಗ್ಗೆ ಮೂರು ಕಡುಬು ತಿಂದು, ನಾಲ್ಕನೆಯದಕ್ಕೆ ಚಟ್ನಿ ಸಾಲದೆಂದು ನನ್ನನ್ನು ಬೈದಿದ್ದಾರೆ. ನಿಜವಾದ ಸಂಗತಿ ಏನೆಂದರೆ, ಬರುವ ಗುರುವಾರ ಬಾಳೆಹೊನ್ನೂರಿನ ಜಯದೇವಪ್ಪನವರ ಮನೆಯವರು ತಮ್ಮ ಮಗ ಸೋಮನಾಥನಿಗೆ ನಿನ್ನನ್ನು ನೋಡಲು ಬರುತ್ತಾರೆ. ನೋಡುವುದು ಅಂತ ಹೆಸರಿಗೆ. ಅವತ್ತೇ ಹೂ ಮುಡಿಸಿ, ಸಕ್ಕರೆ ಹಂಚಿ ಹೋಗುವ ಏರ್ಪಾಡಾಗಿದೆ. ನಿನ್ನ ಡಿಗ್ರಿ ಪರೀಕ್ಷೆಗೆ ಇನ್ನು ಐದು ವಾರ. ಒಮ್ಮೆ ಹೂ ಮುಡಿದ ಮೇಲೆ ಪರೀಕ್ಷೆಯನ್ನು ಯಾರೂ ಕೇಳುವುದಿಲ್ಲ, ಎಂ.ಎಸ್ಸಿ. ಮಾತಂತೂ ಎತ್ತುವ ಹಾಗೇ ಇಲ್ಲ.

ಇದನ್ನು ಫೋನಿನಲ್ಲಿ ಹೇಳಲಾಗುವುದಿಲ್ಲ. ಫೋನು ಕೆಳಗೆ ಅಂಗಡಿಯಲ್ಲಿ, ಅಪ್ಪನ ಮೊಣಕೈ ಪಕ್ಕದಲ್ಲೇ ಇದೆ ಅನ್ನುವುದು ನಿನಗೆ ಗೊತ್ತು. ಟಪಾಲಿಗೆ ಹಾಕಿದರೆ ಬುಧವಾರದ ಒಳಗೆ ನಿನ್ನ ಕೈ ಸೇರುವ ನಂಬಿಕೆಯಿಲ್ಲ. ನಿನ್ನ ಗೆಳತಿ ಅನ್ನಮ್ಮ ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹಾಸ್ಟೆಲಿಗೆ ವಾಪಸು ಹೊರಟಿದ್ದಾಳೆ. ಕ್ಯಾಸೆಟ್‌ಗಳ ಚೀಲ ಕೊಟ್ಟು ಕಳಿಸುವ ನೆಪದಲ್ಲಿ ಅದರೊಳಗೆ ಈ ಹಾಳೆಗಳನ್ನು ಇಡುತ್ತಿದ್ದೇನೆ. ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಹುಡುಗನೂ ಕೆಟ್ಟವನಲ್ಲ. ಬೀಡಿ ಸಿಗರೇಟು ಇಲ್ಲ, ನಗುಮುಖ, ಅವರ ಹಾರ್ಡ್‌ವೇರ್ ಅಂಗಡಿಯ ಮೇಲೆಯೇ ಮನೆ.

ಮನೆ ಅಂಗಡಿಯ ಮೇಲೆ ಅಂತ ಕೇಳಿದಾಗ ನನಗೆ ಮೊದಲು ನೆನಪಾಗಿದ್ದು ನಮ್ಮ ಮೆಟ್ಟಿಲು. ಈ ಮೆಟ್ಟಿಲನ್ನು ನಿನ್ನ ತಾತ ಅಂಗಡಿಯ ಒಳಗೇ ಯಾಕೆ ಕಟ್ಟಿಸಿದರೋ ಆ ಶಿವನೇ ಬಲ್ಲ. ಹೊರಗೆ ಕಾಲಿಡಬೇಕೆಂದರೆ ಸೀರೆ ನೋಡಲು ಬಂದ ಗಿರಾಕಿಗಳ ನಡುವೆಯೇ ಇಳಿದು ಹೋಗಬೇಕು. ‘ಎಲ್ಲಿಗೆ ಹೊರಟ್ರಿ ಪ್ರೇಮಕ್ಕ’ ಅಂತ ಕೇಳದ ಗಿರಾಕಿಯಿಲ್ಲ. ಉತ್ತರ ಹುಡುಕುವುದೇ ದೊಡ್ಡ ಕೆಲಸವಾಗಿ ನಾನು ಇಳಿಯುವುದನ್ನೇ ಕಡಿಮೆ ಮಾಡಿದೆ. ಅಜ್ಜಿ ಹಾಸಿಗೆ ಹಿಡಿದ ಮೇಲೆ ಅದೂ ನಿಂತಿತು. ಮೇಗುಂದದ ತವರಿಗೆ ಹೋಗಿ ಎರಡು ವರ್ಷವಾಯಿತು. ಹಿಂದಿನ ಕಿಟಕಿ ತೆರೆದರೆ ಗೋಡೌನಿನ ಗೋಡೆ. ಅದರ ಪಾಚಿ ಬೇಸಿಗೆಗೆ ಒಣಗುತ್ತದೆ, ಜೂನ್‌ಗೆ ಮತ್ತೆ ಹಸಿರಾಗುತ್ತದೆ. ನಾನು ಋತು ನೋಡುವುದು ಅಷ್ಟರಲ್ಲೇ.

ನಿನ್ನ ಕ್ಯಾಸೆಟ್ ಕೇಳಲು ಶುರು ಮಾಡಿದ್ದೂ ಅದಕ್ಕೇ ಕಣೇ. ಹಾಸ್ಟೆಲಿನಲ್ಲಿ ಟೂ-ಇನ್-ಒನ್ ಟೇಪ್‌ರೆಕಾರ್ಡರ್ ಇಡಬಾರದೆಂದು ನೀನು ಬಿಟ್ಟು ಹೋದದ್ದು ನನ್ನ ಪಾಲಿಗೆ ಬಂತು. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಅಂಗಡಿಯಲ್ಲಿ ಜನ ಇರುವುದಿಲ್ಲ, ಅಪ್ಪ ಕೆಳಗೇ ತಲೆದಿಂಬಿಟ್ಟು ಒರಗುತ್ತಾರೆ, ಅಜ್ಜಿಗೆ ಕಿವಿ ಅಷ್ಟಕ್ಕಷ್ಟೆ. ಮೊದಲ ದಿನ ನಂಬರ್ ಐದರ ಕ್ಯಾಸೆಟ್ ಹಾಕಿ ಗಾಬರಿಯಾಗಿ ಪ್ಲಗ್ಗನ್ನೇ ಕಿತ್ತೆ. ಆಮೇಲೆ ನಿನಗೆ ಬರೆದು ಕೇಳಿದೆ, ಇದೆಂತ ಹಾಡು, ಇವರಿಗೆ ಯಾರ ಮೇಲೆ ಇಷ್ಟು ಕೋಪ ಅಂತ. ನೀನು ಮೂರು ಪುಟ ಬರೆದೆ. ಅನ್ನಮ್ಮನ ಅಣ್ಣ ಹಡಗಿನ ಕೆಲಸದಲ್ಲಿದ್ದಾಗ ತಂದ ಹಳೆಯ ಆಲ್ಬಮ್‌ಗಳ ಕಾಪಿ ಇವು, ಮೂರನೆಯದು ಪೋಸ್ಟ್-ಪಂಕ್, ನಾಲ್ಕು ಐದು ಹೆವಿ ಮೆಟಲ್, ಎಲ್ಲ ನೀನು ಹುಟ್ಟುವ ಮೊದಲಿನವು, ಹಾಡುಗಳನ್ನು ಬಿಡಿಬಿಡಿಯಾಗಿ ಕೇಳಬಾರದು, ಮೊದಲಿನಿಂದ ಕೊನೆಯವರೆಗೆ ಒಂದೇ ಪಟ್ಟಿನಲ್ಲಿ ಕೇಳಬೇಕು ಅಂತ. ಮಗಳೇ ಮೇಷ್ಟ್ರಾದರೆ ಎಷ್ಟು ಕಷ್ಟ! ಆದರೂ ಹೇಳಿದ ಹಾಗೆಯೇ ಕೇಳಿದೆ.

ಆ ಬ್ಯಾಂಡುಗಳ ಹೆಸರು ನನ್ನ ನಾಲಿಗೆಗೆ ಒಗ್ಗಲಿಲ್ಲ, ನಾನಿಟ್ಟ ಹೆಸರೇ ಗಟ್ಟಿಯಾಯಿತು. ಮೆಟಲ್‌ನವರು ‘ತಗಡಿನವರು’. ಮೂರನೇ ನಂಬರಿನವನು ‘ಪಕ್ಕದ ಕೋಣೆಯ ಮುದುಕ’. ಡ್ರಮ್ಮು ಬೇರೆ ಮನೆಯಲ್ಲಿ ಬಾರಿಸಿದ ಹಾಗೆ ದೂರ, ಗಿಟಾರು ತೆಳ್ಳಗೆ, ಹಾಡಿನ ದಾರಿಯನ್ನು ಹಿಡಿದು ಹೋಗುವುದು ಆ ದಪ್ಪ ತಂತಿಯ ಗಿಟಾರು. ಅವನು ಹಾಡುವುದೇ ಇಲ್ಲ, ಬಾಗಿಲ ಆಚೆಯಿಂದ ಯಾರಿಗೋ ಹೇಳುತ್ತಿರುತ್ತಾನೆ. ಎಷ್ಟು ನಿಧಾನವೆಂದರೆ ನನ್ನ ಅರ್ಧಂಬರ್ಧ ಇಂಗ್ಲಿಷಿಗೂ ಮಾತು ಸಿಗುತ್ತಿತ್ತು. ಒಂದು ಕೋಣೆ, ಒಂದು ಕಿಟಕಿ, ಯಾರೋ ಬರುತ್ತೇನೆಂದು ಬಾರದೇ ಇದ್ದದ್ದು. ಬದುಕೆಲ್ಲ ಒಂದೇ ಕೋಣೆಯಲ್ಲಿ ಕಳೆದು, ಇನ್ನು ಇಷ್ಟೇ ಅಂತ ಒಪ್ಪಿಕೊಂಡ ಒಬ್ಬ ಮುದುಕನನ್ನು ನಾನು ಕಣ್ಣ ಮುಂದೆ ಕಟ್ಟಿಕೊಂಡಿದ್ದೆ. ಅಜ್ಜಿಗೂ ಅವನು ಕೇಳಿಸಿದ್ದ. ಒಂದು ದಿನ ‘ಯಾರೇ ಅದು ಆಗ್ಲಿಂದ ಅಳ್ತಿರದು, ಒಂದು ಲೋಟ ನೀರಾದ್ರೂ ಕೊಡೇ ಅವ್ನಿಗೆ’ ಅಂದರು.

ಎರಡು ತಿಂಗಳಿಂದ ನಾವಿಬ್ಬರೂ ಅವನ ವಿಷಯಕ್ಕೇ ಜಗಳ ಆಡಿದ್ದು. ‘ಅಮ್ಮಾ, ಅದು ಓಡುವ ಹಾಡು, ನೀನು ಯಾವ ಮುದುಕನ ಬಗ್ಗೆ ಬರೀತಿದ್ದೀ’ ಅಂತ ನೀನು. ನಿನಗೆ ಇನ್ನೂ ವಯಸ್ಸಾಗಿಲ್ಲ, ನಿನಗೆ ಕೇಳಿಸುವುದಿಲ್ಲ ಅಂತ ನಾನು. ಮೆಟಲ್‌ನವರು ಗೋಡೆ ಒಡೆಯುತ್ತಾರೆ, ಪೋಸ್ಟ್-ಪಂಕ್‌ನವರು ಗೋಡೆಯ ಬಗ್ಗೆ ಹಾಡುತ್ತಾರೆ ಅಂತ ನೀನು ಬರೆದದ್ದನ್ನು ನಾನು ಮೆಚ್ಚಿಕೊಂಡೆ, ಒಪ್ಪಲಿಲ್ಲ. ಒಡೆಯಲು ಹೋದವರ ಕೈಯೇ ಮುರಿಯುತ್ತದೆ, ಮುದುಕನೇ ಬುದ್ಧಿವಂತ ಅಂತ ಬರೆದಿದ್ದೆ. ಆ ಸಾಲನ್ನು ಈಗ ಹರಿದು ಹಾಕು.

ನಿನ್ನೆ ಭಾನುವಾರ. ಕೊಪ್ಪದಲ್ಲಿ ಮದುವೆಯೆಂದು ಅಪ್ಪ ಅಂಗಡಿಗೆ ಬೀಗ ಹಾಕಿ ಬೆಳಿಗ್ಗೆಯೇ ಹೋದರು. ಅಜ್ಜಿಗೆ ಗಂಜಿ ಕುಡಿಸಿ, ಹತ್ತು ಗಂಟೆಗೆ ನಾನು ಮೂರನೇ ನಂಬರ್ ಹಾಕಿದೆ. ಬೆಳಿಗ್ಗೆ ಹೊತ್ತು ಎಂದೂ ಹಾಕಿದವಳಲ್ಲ. ಯಾರೋ ಬೇರೆಯವರು ಹಾಡಿದರು! ಕ್ಯಾಸೆಟ್ ತಪ್ಪಿತೆಂದು ತೆಗೆದು ನಂಬರ್ ನೋಡಿದೆ, ಮೂರೇ. ಮತ್ತೆ ಹಾಕಿದೆ. ಡ್ರಮ್ಮು ಓಡುತ್ತಿದೆ, ಗಿಟಾರು ಅದರ ಹಿಂದೆ ಬಿದ್ದಿದೆ, ಹಾಡುವವನ ದನಿ ಎಳೆಯದು, ಏದುಸಿರು ಬೇರೆ. ಮೇಲೆ ಭರ್ರನೆ ತಿರುಗುತ್ತಿದ್ದ ಫ್ಯಾನ್ ನೋಡಿದಾಗ ನನಗೆ ಹೊಳೆಯಿತು. ಮಧ್ಯಾಹ್ನ ಹನ್ನೆರಡಕ್ಕೆ ತ್ರೀ ಫೇಸ್ ಕರೆಂಟ್ ಕೊಡುತ್ತಾರೆ, ಸೀತೂರಿನಿಂದ ಇಲ್ಲಿಯವರೆಗೆ ಇರುವ ಪಂಪ್‌ಸೆಟ್ಟೆಲ್ಲ ಒಟ್ಟಿಗೆ ಶುರುವಾಗುತ್ತವೆ, ನಮ್ಮ ಮನೆಯಲ್ಲಿ ವೋಲ್ಟೇಜ್ ಬಿದ್ದು ಟ್ಯೂಬ್‌ಲೈಟ್ ಕೂಡ ಹತ್ತುವುದಿಲ್ಲ, ಫ್ಯಾನು ತೆವಳುತ್ತದೆ, ಟೇಪೂ ಹಾಗೆಯೇ. ಆ ಮೂರು ಗಂಟೆ ಬಿಟ್ಟು ಬೇರೆ ಹೊತ್ತು ನನಗೆ ಪುರುಸೊತ್ತಿಲ್ಲ. ಎರಡು ತಿಂಗಳು ನಾನು ಕೇಳಿದ್ದು ಊರಿನ ಪಂಪ್‌ಸೆಟ್ಟುಗಳು ಎಳೆದೆಳೆದು ನಿಧಾನ ಮಾಡಿದ ಹಾಡನ್ನು.

ನಗಬೇಡ. ಸರಿ, ನಕ್ಕುಬಿಡು, ನಾನೂ ಮೊದಲು ನಕ್ಕೆ. ಆಮೇಲೆ ಹಾಡು ಮುಂದೆ ಹೋದ ಹಾಗೆ ನಗು ನಿಂತಿತು. ಅವನು ಮುದುಕನಲ್ಲ ಕಣೇ. ಅವನಿಗೆ ಇಪ್ಪತ್ತೆರಡಿದ್ದರೆ ಹೆಚ್ಚು. ಅವನು ಏನನ್ನೂ ಒಪ್ಪಿಕೊಂಡಿಲ್ಲ. ಅದೇ ಕೋಣೆ, ಅದೇ ಕಿಟಕಿ, ಆದರೆ ಅವನು ಬಾಗಿಲು ಬಡಿಯುತ್ತಿದ್ದಾನೆ. ಎ ಬದಿಯ ಕೊನೆಯ ಹಾಡು ಟೇಪು ಸಾಲದೆ ಅರ್ಧಕ್ಕೇ ನಿಂತಾಗ ನಾನು ನೆಲದ ಮೇಲೆ ಕೂತು ಅತ್ತೆ. ಡಬ್ಬಿಯ ಮೇಲೆ ೧೯೭೯ ಅಂತ ಬರೆದಿದೆ. ಆ ವರ್ಷ ನನಗೆ ಹತ್ತೊಂಬತ್ತು.

ಈ ಕಥೆಯನ್ನು ನಿನಗೆ ಹೇಳಿಲ್ಲ. ನಾನು ಪಿ.ಯು.ಸಿ. ಮುಗಿಸಿ ಶೃಂಗೇರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ. ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು. ಒಂದು ದಿನ ಮೇಗುಂದದಿಂದ ಪತ್ರ ಬಂತು, ಅಪ್ಪಾಜಿಗೆ ಎದೆನೋವು, ತಕ್ಷಣ ಹೊರಡು ಅಂತ. ಕೊಪ್ಪ ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ಗಂಗಾಧರ ಮಾವ ಕಾದಿದ್ದ. ಅಪ್ಪಾಜಿ ಹೇಗಿದ್ದಾರೆ ಅಂದರೆ ಮುಖ ತಿರುಗಿಸಿಕೊಂಡು ಹೋಗಿ ಒಂದು ಬನ್ನು ತಂದುಕೊಟ್ಟ. ಆಗಲೇ ಎಲ್ಲ ಮುಗಿದಿದೆ ಅಂದುಕೊಂಡು ದಾರಿಯುದ್ದಕ್ಕೂ ಅತ್ತೆ. ಮನೆಗೆ ಹೋದರೆ ಅಪ್ಪಾಜಿ ಅಂಗಳದಲ್ಲಿ ನಿಂತು ಚಪ್ಪರದ ಕಂಬಕ್ಕೆ ಗುಂಡಿ ತೋಡಿಸುತ್ತಿದ್ದಾರೆ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬದುಕಿದ್ದಾರಲ್ಲ ಎನ್ನುವ ಖುಷಿಗೆ ಅವರ ಕಾಲು ಹಿಡಿದುಕೊಂಡೆ. ಆ ಖುಷಿಯಲ್ಲಿ ಅವರು ಏನು ಕೇಳಿದರೂ ಹೂಂ ಅಂದೆ. ಸಿಟ್ಟು ಬರುವಷ್ಟರಲ್ಲಿ ಈ ಮೆಟ್ಟಿಲು ಹತ್ತಿಯಾಗಿತ್ತು.

ನೀನೂ ಹಾಗೆಯೇ ಮಾಡುತ್ತೀ ಗಾನೂ. ಅಜ್ಜಿ ಎದ್ದು ಕೂತು ನಿನ್ನ ಕೆನ್ನೆ ಸವರಿದ ಕೂಡಲೇ ನೀನು ಕರಗುತ್ತೀ, ಯಾವ ಬಣ್ಣದ ಸೀರೆ ಕೊಟ್ಟರೂ ಉಟ್ಟು ಬಂದು ಕೂರುತ್ತೀ. ಅದಕ್ಕೇ ಬರಬೇಡ ಅನ್ನುವುದು. ಹಾಸ್ಟೆಲಿಗೆ ಯಾರು ಬಂದು ಕರೆದರೂ, ಯಾರ ಹೆಸರಲ್ಲಿ ಫೋನು ಬಂದರೂ ಬರಬೇಡ. ಗುರುವಾರದ ಮಾತು ನನಗಿರಲಿ. ಜಯದೇವಪ್ಪನವರಿಗೆ ಹೇಳಬೇಕಾದವಳು ನಾನು, ಹೇಳುತ್ತೇನೆ. ಅಪ್ಪನಿಗೆ ಇವತ್ತು ಸಂಜೆಯೇ ಹೇಳಬೇಕು. ಅದೊಂದನ್ನು ನೆನೆದು ಎರಡು ಸಲ ಪೆನ್ನು ಕೆಳಗಿಟ್ಟೆ.

ತಗಡಿನವರ ವಿಷಯ ಬಾಕಿ ಉಳಿಯಿತು. ನಿನ್ನೆ ಅವರನ್ನೂ ಸರಿಯಾದ ವೇಗದಲ್ಲಿ ಕೇಳಿದೆ. ಮಧ್ಯಾಹ್ನದಲ್ಲಿ ಅಕ್ಕಿ ಗಿರಣಿಯ ಹಾಗೆ ಗರಗರ ಅನ್ನುತ್ತಿದ್ದವರು ಬೆಳಿಗ್ಗೆ ಎಷ್ಟು ಹಗುರ! ಎರಡು ಗಿಟಾರಿನವರು ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿ ಹೋಗುವಾಗ, ನಮ್ಮ ವೀರಗಾಸೆಯವರು ಒಡಪು ಹೇಳಿ ಕತ್ತಿ ಎತ್ತಿದರೆ ಮೈ ಜುಂ ಅನ್ನುತ್ತದಲ್ಲ, ಹಾಗಾಯಿತು. ಅಷ್ಟು ಕಿರುಚಾಟದಲ್ಲಿ ಕೋಪವೇ ಇಲ್ಲ, ಅವರು ಕುಣಿಯುತ್ತಿದ್ದಾರೆ. ನೀನು ಗೆದ್ದೆ. ಆದರೂ ಕೊನೆಗೆ ಯಾರನ್ನು ಆರಿಸುತ್ತೀ ಅಂದರೆ ನಾನು ಮೂರನೇ ನಂಬರಿನವನ ಪಕ್ಷವೇ. ಆ ಆಲ್ಬಮ್ಮಿನ ಬಿ ಬದಿಯಲ್ಲಿ ನಾಲ್ಕನೆಯ ಹಾಡಿನ ನಡುವೆ ಎಲ್ಲ ವಾದ್ಯ ನಿಂತು ದಪ್ಪ ತಂತಿಯೊಂದೇ ಉಳಿಯುವ ಜಾಗವಿದೆಯಲ್ಲ, ಅದರ ಬಗ್ಗೆ ನೀನು ಇನ್ನೂ ಏನೂ ಬರೆದಿಲ್ಲ. ಪರೀಕ್ಷೆ ಮುಗಿದ ಮೇಲೆ ಬರೆ.

ಚೆನ್ನಾಗಿ ಓದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕಾಫಿ ಕುಡಿಯಬೇಡ.

ಇಲ್ಲಿಂದಲೇ ನಿನ್ನ ತಲೆ ಸವರುತ್ತ,
ಅಮ್ಮ
ಪ್ರೇಮ

ಮರೆತದ್ದಲ್ಲ, ಬರೆಯಲಾರದೆ ಬಿಟ್ಟದ್ದು: ಆ ಪತ್ರದಲ್ಲಿ ಅಕ್ಷರ ನನ್ನದು, ಸಹಿ ಅಪ್ಪನದು ಅಂತ ನೀನು ನೋಡಿರುತ್ತೀ. ಅಪ್ಪ ಹೇಳಿ ಬರೆಸಿದ್ದು ಅಂದುಕೊಂಡಿರುತ್ತೀ, ಇಷ್ಟು ಹೊತ್ತು ನಾನೂ ಹಾಗೆಯೇ ಅಂದುಕೊಳ್ಳಲು ಬಿಟ್ಟೆ. ಸಂಬಂಧ ಬಂದ ದಿನ ಅಪ್ಪ ಅಂದದ್ದು, ‘ಹುಡುಗಿ ಓದ್ತಾ ಇದಾಳೆ ಮಾರಾಯ್ತಿ, ಪರೀಕ್ಷೆ ಮುಗೀಲಿ, ಅವಳನ್ನೊಂದು ಮಾತು ಕೇಳಿ ಹೇಳಣ’ ಅಂತ. ಕೇಳಿದ್ದೇನೆ, ಒಪ್ಪಿದ್ದಾಳೆ ಎಂದು ಅವರಿಗೆ ಹೇಳಿದವಳು ನಾನು. ಅಜ್ಜಿಗೆ ಸೀರಿಯಸ್ ಅಂತ ಬರೆದವಳೂ ನಾನೇ. ಅವರು ಕನ್ನಡಕವನ್ನೂ ಹಾಕಿಕೊಳ್ಳದೆ ನನ್ನನ್ನು ನಂಬಿ ಸಹಿ ಹಾಕಿದರು. ಬಾಳೆಹೊನ್ನೂರು ಇಲ್ಲಿಗೆ ಹತ್ತಿರ. ಅಲ್ಲಿಗೆ ಕೊಟ್ಟರೆ ವಾರಕ್ಕೊಮ್ಮೆಯಾದರೂ ಬರುತ್ತೀ, ಮಧ್ಯಾಹ್ನ ಇಬ್ಬರೂ ಕೂತು ಕ್ಯಾಸೆಟ್ ಕೇಳಬಹುದು, ನನಗೊಂದು ಜೊತೆಯಾಗುತ್ತದೆ ಅನ್ನಿಸಿತು. ಅಷ್ಟಕ್ಕೇ ಬರೆದೆ ಮಗಾ. ನಿನಗೆ ಕೋಪ ಬರುತ್ತದೆ, ಬರಲಿ. ನನ್ನನ್ನು ಬೈಯಲಿಕ್ಕೂ ಬರಬೇಡ.