ಮಸ್ಕಿ ದಾಟಬಾರದ ಮಾತು

ಲಿಂಗಸಗೂರು,
ಮಂಗಳವಾರ, ಮಧ್ಯಾಹ್ನ

ಅಭಿಮಾನಿ ಸಂಘದ ಅಧ್ಯಕ್ಷರಿಗಲ್ಲ, ನನ್ನ ಮನೆಯವರಿಗೆ,

ಕೈಯಲ್ಲಿ ಫೋನಿಟ್ಟುಕೊಂಡು ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡಿ. ನಿಮ್ಮ ಫೋನು ಈಗ ನಿಮ್ಮದಾಗಿ ಉಳಿದಿಲ್ಲ. ನಾನು ಹಚ್ಚಿದರೆ ಒಮ್ಮೆ ಶಿವರಾಜ ಎತ್ತುತ್ತಾನೆ, ಇನ್ನೊಮ್ಮೆ ಇನ್ನಾವನೋ ಎತ್ತಿ ಅಧ್ಯಕ್ಷರು ಮೀಟಿಂಗಿನಲ್ಲಿದ್ದಾರೆ ಎನ್ನುತ್ತಾನೆ. ಮೆಸೇಜು ಹಾಕಿದರೆ ಸಂಘವೆಲ್ಲ ಓದಿ ಮುಗಿಸಿದ ಮೇಲೆ ನೀವು ಓದುತ್ತೀರಿ. ಅದಕ್ಕೇ ಇದನ್ನು ಸಿಂಧನೂರಿಗೆ ಕ್ರೂಸರ್ ಹೊಡೆಯುವ ಇಮಾಮ್‌ಸಾಬ್ ಕಾಕಾನ ಕೈಗೆ ಕೊಡುತ್ತಿದ್ದೇನೆ. ಅಕ್ಕಿ ಮಿಲ್ಲಿನ ಗೇಟಿನಲ್ಲಿ ನಿಮ್ಮ ಕೈಗೇ ಕೊಡಬೇಕು, ಬೇರೆ ಯಾರು ಕೈಚಾಚಿದರೂ ವಾಪಸ್ ತರಬೇಕು ಎಂದು ಹೇಳಿದ್ದೇನೆ.

ನಾನು ಆರಾಮಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಅವ್ವ ಏನೂ ಕೇಳುತ್ತಿಲ್ಲ. ಕೇಳುವುದನ್ನೆಲ್ಲ ರೊಟ್ಟಿಯಲ್ಲಿ ತೋರಿಸುತ್ತಾಳೆ, ಸಾಕು ಎಂದರೂ ತಟ್ಟೆಗೆ ಇನ್ನೊಂದು ಬೀಳುತ್ತದೆ. ಓಣಿಯವರಿಗೆ ಮಗಳು ನಾಲ್ಕು ದಿನ ಇರಲು ಬಂದಿದ್ದಾಳೆ ಎಂದು ಹೇಳಿಕೊಂಡಿದ್ದಾಳೆ. ಅವಳ ಫೋನಿಗೂ ನಿಮ್ಮ ಹುಡುಗರು ಹಂಚಿದ ನನ್ನ ಫೋಟೋ ಬಂದಿದೆ ಎಂಬುದು ನನಗೆ ನಿನ್ನೆ ಗೊತ್ತಾಯಿತು.

ಶುಕ್ರವಾರದ ವಿಷಯಕ್ಕೆ ಬರುತ್ತೇನೆ, ಸುತ್ತಿ ಬಳಸಿ ಬರೆಯಲು ನನಗೆ ತಾಳ್ಮೆ ಇಲ್ಲ. ನಿಮ್ಮ ಬಾಸ್‌ನ ಹುಟ್ಟುಹಬ್ಬ, ಹಳೆಯ ಸಿನಿಮಾ ಮತ್ತೆ ಬಿಡುಗಡೆ, ಸಿಂಧನೂರಿನ ಟಾಕೀಸಿನ ಮುಂದೆ ವೇದಿಕೆ. ಮ್ಯಾಟ್ನಿ ಶುರುವಾಗುವ ಮೊದಲು ನಾನು ಆ ವೇದಿಕೆ ಹತ್ತಿ, ಮೈಕು ಹಿಡಿದು ತಪ್ಪಾಯಿತು, ನನಗೆ ಸಿನಿಮಾ ತಿಳಿಯುವುದಿಲ್ಲ ಎಂದು ಹೇಳಿ, ಕಟೌಟಿಗೆ ಹಾಲು ಸುರಿಯಬೇಕು. ಅದನ್ನು ಹುಡುಗರು ಶೂಟ್ ಮಾಡಿ ಎಲ್ಲ ಕಡೆ ಬಿಡಬೇಕು. ನಾನು ಬಾರದಿದ್ದರೆ ನಿಮ್ಮ ಅಧ್ಯಕ್ಷಗಿರಿ ಹೋಗುತ್ತದೆ, ಮೇಲಾಗಿ ಅವರೆಲ್ಲ ನಮ್ಮ ಮನೆ ಮುಂದೆ ಬಂದು ಕೂರುತ್ತಾರೆ. ಇದಿಷ್ಟನ್ನೂ ಶಿವರಾಜ ನನಗೆ ಫೋನಿನಲ್ಲಿ ಹೇಳಿದ. ಉಪಾಧ್ಯಕ್ಷನಾಗಿ ಅವನಿಗೆ ಇಂಥದ್ದರಲ್ಲಿ ಎಷ್ಟು ಉಮೇದಿ ಇರುತ್ತದೆ ಎಂದು ನಿಮಗೆ ಗೊತ್ತು. ಕೊನೆಗೆ, ಅಣ್ಣಾರು ಹೂಂ ಅಂದಾರ, ಎಂದ.

ಹೂಂ ಅಂದಿರಾ? ಆ ಒಂದು ಮಾತಿಗೆ ನಿಮ್ಮ ಬಾಯಿಂದ ಉತ್ತರ ಬೇಕು.

ನಿಮ್ಮ ಹುಡುಗರಿಗೆ ಗೊತ್ತಿಲ್ಲದ ರೂಢಿಯೊಂದು ನಮ್ಮಿಬ್ಬರಿಗೆ ಇದೆ. ಸಿಂಧನೂರಿನಲ್ಲಿ ಮೊದಲ ದಿನ ನೀವು ಸಿನಿಮಾ ನೋಡುವುದೇ ಇಲ್ಲ. ಹಾರ, ಹಾಲು, ಪಟಾಕಿ, ಸೀಟಿ, ಪೊಲೀಸರ ಹತ್ತಿರ ಕೈಮುಗಿಯುವುದು, ಇಷ್ಟರಲ್ಲಿ ತೆರೆಯ ಮೇಲೆ ಎಲ್ಲ ಮುಗಿದಿರುತ್ತದೆ. ಮುಂದಿನ ರವಿವಾರ ನನ್ನನ್ನು ಬೈಕಿನ ಮೇಲೆ ಕೂರಿಸಿಕೊಂಡು ಲಿಂಗಸಗೂರಿಗೆ ಬರುತ್ತೀರಿ. ಹೆಸರಿಗೆ ಅತ್ತೆ ಮನೆ, ಬರುವುದು ಟಾಕೀಸಿಗೆ. ಇಲ್ಲಿ ನಿಮ್ಮನ್ನು ಅಧ್ಯಕ್ಷರೇ ಎನ್ನುವವರಿಲ್ಲ. ಹಿಂದಿನ ಸಾಲಿನಲ್ಲಿ ಕೂತು, ನಾನು ಶೇಂಗಾ ಕೊಟ್ಟರೂ ಕೈ ಮುಂದೆ ಮಾಡದೆ, ಸಿನಿಮಾ ನೋಡುತ್ತೀರಿ. ತಿರುಗಿ ಹೋಗುವಾಗ ಮಸ್ಕಿಯಲ್ಲಿ ಬೈಕು ನಿಲ್ಲಬೇಕು. ಮಂಡಾಳ ಒಗ್ಗರಣಿ, ಮಿರ್ಚಿ, ಮೇಲೆ ಚಹಾ. ಸಿನಿಮಾ ಚಂದಿತ್ತೋ ಇಲ್ಲವೋ ಎಂಬ ಮಾತು ಅಲ್ಲೇ ಹುಟ್ಟಿ ಅಲ್ಲೇ ಮುಗಿಯಬೇಕು. ಮಸ್ಕಿ ದಾಟಿದ ಮೇಲೆ ನೀವು ಮತ್ತೆ ಅಧ್ಯಕ್ಷರು, ನಿಮ್ಮ ಬಾಸ್ ಮಾಡಿದ್ದೆಲ್ಲ ಸೂಪರ್. ಈ ಕರಾರು ಮಾಡಿದವರು ನೀವೇ. ಮದುವೆಯಾದಾಗಿನಿಂದ ನಾನು ನಿಮ್ಮನ್ನು ಬಹಳ ಮೆಚ್ಚಿದ್ದು ಆ ಹೋಟೆಲಿನ ಬೆಂಚಿನ ಮೇಲೆ ಎಂದು ಹೇಳಿದರೆ ನಂಬುತ್ತೀರೋ ಇಲ್ಲವೋ.

ನಿಮ್ಮ ಬಾಸ್‌ನ ಹೊಸ ಸಿನಿಮಾ 'ಕೋಟೆಬಾಗಿಲ ಕಾಳ' ನೋಡಿ ಬಂದ ಆ ರವಿವಾರವೂ ಮಸ್ಕಿಯಲ್ಲಿ ಕೂತೆವು. ಅಲ್ಲಿ ಯಾರು ಏನು ಮಾತಾಡಿದರು ಎಂದು ಇಲ್ಲಿ ಬರೆಯುವುದಿಲ್ಲ. ನಿಮಗೆ ನೆನಪಿರಬೇಕು.

ಮಾರನೆಯ ದಿನ ಸಾಲಗುಂದದಿಂದ ಅಂಬಿಕಾ ಕೇಳಿದಳು, ನೋಡಬಹುದಾ, ದುಡ್ಡು ದಂಡವಾ ಎಂದು. ಶಾಲೆಗೆ ಹೋಗುವಾಗಿನಿಂದ ನಾವಿಬ್ಬರೂ ಹೀಗೇ, ಒಬ್ಬಳು ನೋಡಿ ಹೇಳಿದ ಮೇಲೆ ಇನ್ನೊಬ್ಬಳು ನೋಡುವುದು. ರೊಟ್ಟಿ ಬಡಿಯುತ್ತಾ ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸಿದೆ. ಅವಳಿಗೆ ನಗು ಬಂದು ತಮ್ಮನಿಗೆ ಕೇಳಿಸಿದಳು. ಅವನು ಇನ್ನೊಬ್ಬ ಹೀರೋನ ಅಭಿಮಾನಿ, ಅವನ ಗುಂಪಿಗೆ ಹಬ್ಬವಾಯಿತು. ಸಂಜೆಯೊಳಗೆ 'ಅಧ್ಯಕ್ಷನ ಹೆಂಡ್ತಿ ಏನಂದಾಳ ಕೇಳ್ರಿ' ಎಂಬ ತಲೆಬರಹ ಹೊತ್ತು ನನ್ನ ದನಿ ಊರೆಲ್ಲ ತಿರುಗಿತು. ಅದರಲ್ಲಿ ಇದ್ದದ್ದು ಇಷ್ಟೇ.

"ಇಂಟರ್ವಲ್ ತನಕ ಕಣ್ಣು ಮಿಟುಕಿಸಬ್ಯಾಡ. ಆಮ್ಯಾಲ ಮಲ್ಕೋಬಹುದು. ಹೀರೋನ್ನ ಮ್ಯಾಲೆತ್ತಾಕ ಹೋಗಿ ಕಥಿ ಕೆಳಗ ಬಿಟ್ಟಾರ. ವಯಸ್ಸಾದ ಮನುಷ್ಯಾ ವಯಸ್ಸಾದಂಗ ಮಾಡಿದ್ರ ಎಷ್ಟು ಚಂದಿತ್ತು. ಕುಣಿಸಿ ಕುಣಿಸಿ ದಣಿಸ್ಯಾರ ಪಾಪ."

ಇದರಲ್ಲಿ ಬೈಗುಳ ಎಲ್ಲಿದೆ? ಪಾಪ ಎನ್ನುವುದು ಪ್ರೀತಿ ಇದ್ದವರ ಮಾತು. ಆದರೆ ಅದನ್ನು ನಿಮ್ಮ ಹುಡುಗರಿಗೆ ಯಾರು ಹೇಳಬೇಕು!

ಅವತ್ತು ಅವರು ಮನೆಗೆ ಬಂದಾಗ ನಾನು ಮೆಷಿನ್ನಿನ ಮುಂದೆ ಇದ್ದೆ, ಯಾರದೋ ಬ್ಲೌಸಿಗೆ ತೋಳು ಕೂರಿಸುತ್ತಿದ್ದೆ. ಬಾಗಿಲಿನಲ್ಲಿ ಚಪ್ಪಲಿ ರಾಶಿ ಬಿತ್ತು. ಅಕ್ಕಾ ಎಂದು ಕರೆದು ನನ್ನ ಕೈಯ ಚಹಾ ಕುಡಿಯುತ್ತಿದ್ದವರೇ, ಅವತ್ತು ಯಾರೂ ಕೂರಲಿಲ್ಲ. ಒಬ್ಬ ನನ್ನ ದನಿಯನ್ನು ನನಗೇ ಕೇಳಿಸಿದ. ಶಿವರಾಜ, ಇದಕ್ಕ ಏನಂತೀರಿ ಅಣ್ಣಾರ, ಎಂದು ನಿಮ್ಮನ್ನು ಕೇಳಿದ. ನಾನು ನಿಮ್ಮ ಮುಖವನ್ನೇ ನೋಡುತ್ತಿದ್ದೆ. ನೀವು ಗೋಡೆಯ ಮೇಲಿನ ನಿಮ್ಮ ಬಾಸ್‌ನ ಫೋಟೋ ನೋಡುತ್ತಿದ್ದಿರಿ.

ಆಮೇಲೆ ನೀವು ಹೇಳಿದಿರಿ: "ಹೋಗ್ಲಿ ಬಿಡ್ರಪ್ಪಾ. ಹೆಣ್ಮಗಳು. ಅಕಿಗೇನ್ ತಿಳೀತದ ಸಿನಿಮಾ."

ಹುಡುಗರ ಕೂಗಾಟ ನನಗೆ ತಾಗಲಿಲ್ಲ. ನನ್ನ ಫೋಟೋಕ್ಕೆ ಕೆಂಪು ಗೀಟು ಹಾಕಿ ಕೆಟ್ಟ ಮಾತು ಬರೆದು ಹಂಚಿದರು, ಹೊಲಿಗೆ ಕೊಡುತ್ತಿದ್ದ ಹೆಂಗಸರು ಒಬ್ಬೊಬ್ಬರೇ ಬಟ್ಟೆ ವಾಪಸ್ ಒಯ್ದರು, ಅದಕ್ಕೆ ಸಿಟ್ಟು ಬಂತು, ಅಳು ಬರಲಿಲ್ಲ. ಅಳು ಬಂದದ್ದು ನಿಮ್ಮ ಆ ಮಾತಿಗೆ. ಹಿಂದಿನ ಸಾಲಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ಈ ಶಾಟ್ ಯಾಕ ಇಟ್ಟಾರ ಹೇಳು ನೋಡೋಣು, ಎಂದು ನನ್ನನ್ನು ಕೇಳುತ್ತಿದ್ದವರು ನೀವಲ್ಲವೇ? ನನಗೆ ಸಿನಿಮಾ ತಿಳಿಯುವುದಿಲ್ಲ ಎಂದಾದರೆ ಇಷ್ಟು ವರ್ಷ ಮಸ್ಕಿಯಲ್ಲಿ ಯಾರ ಜೊತೆ ಮಾತಾಡಿದಿರಿ? ಕೈಯಲ್ಲಿ ಉಳಿದಿದ್ದ ಒಂದೇ ಬ್ಲೌಸು ಮುಗಿಸಿಟ್ಟು ಬಸ್ಸು ಹತ್ತಿದೆ. ಮಸ್ಕಿಯಲ್ಲಿ ಬಸ್ಸು ನಿಂತಿತು, ಎಲ್ಲರೂ ಚಹಾಕ್ಕೆ ಇಳಿದರು. ನಾನು ಕಿಟಕಿಯ ಪರದೆ ಎಳೆದುಕೊಂಡೆ.

ಮೊನ್ನೆ ಅವ್ವನ ಫೋನಿನಲ್ಲಿ ಒಂದು ಸಣ್ಣ ಸಿನಿಮಾ ನೋಡಿದೆ. ಹೀರೋ ಇಲ್ಲ, ಫೈಟಿಲ್ಲ. ಗಂಡ ಹೆಂಡತಿ ಊಟಕ್ಕೆ ಕೂತಿರುತ್ತಾರೆ, ಮಾತಿಲ್ಲ. ಅವನು ಉಪ್ಪು ಕೇಳುವುದಿಲ್ಲ, ಅವಳು ಕೊಡುವುದಿಲ್ಲ. ಕ್ಯಾಮೆರಾ ಅವಳ ಮುಖ ಬಿಟ್ಟು ಅಲ್ಲಾಡುವುದೇ ಇಲ್ಲ. ಅವ್ವ ಆಕಳಿಸಿ ಎದ್ದು ಹೋದಳು. ನನಗೆ ಬಹಳ ಹಿಡಿಸಿತು, ಆದರೆ ಕೊನೆಯಲ್ಲಿ ಹಾಡು ಹಾಕಿ ಕೆಡಿಸಿದ್ದಾರೆ. ಅದನ್ನು ಹಾಗೇ ಸುಮ್ಮನೆ ಬಿಡಬೇಕಿತ್ತು. ಇದನ್ನು ನಿಮಗೆ ಹೇಳಬೇಕು ಎಂದು ಫೋನು ತೆಗೆದುಕೊಂಡೆ, ಮತ್ತೆ ಶಿವರಾಜ ಎತ್ತಿಯಾನು ಎಂದು ಇಟ್ಟುಬಿಟ್ಟೆ. ನೀವು ನೋಡಿ. ಬೈಯುವುದಿದ್ದರೂ ಬೈಯಿರಿ, ಆದರೆ ನೋಡಿ.

ಈಗ ನನ್ನ ನಿರ್ಧಾರ. ನಾನು ಶುಕ್ರವಾರ ಸಿಂಧನೂರಿಗೆ ಬರುವುದಿಲ್ಲ. ಕಟೌಟಿಗೆ ಹಾಲು ಸುರಿಯಲು ನನಗೇನೂ ನಾಚಿಕೆ ಇಲ್ಲ, ಮೊದಲು ನಿಮ್ಮ ಜೊತೆ ಕ್ಯಾನು ಹೊತ್ತವಳೇ. ಆದರೆ ಮೈಕಿನಲ್ಲಿ ನನಗೆ ಸಿನಿಮಾ ತಿಳಿಯುವುದಿಲ್ಲ ಎಂದು ಹೇಳಲಾರೆ. ಅದು ಸುಳ್ಳು. ಆ ಸುಳ್ಳು ಹೇಳಿ ನಿಮ್ಮ ಮನೆಗೆ ಬಂದರೆ ಆಮೇಲೆ ನಿಮ್ಮ ಜೊತೆ ಯಾವ ಸಿನಿಮಾಕ್ಕೂ ಬರಲಾರೆ, ಮನೆಯಲ್ಲಿ ಅನ್ನ ಬೇಯಿಸಿಕೊಂಡು ಇರಬಹುದು ಅಷ್ಟೇ. ನನಗೆ ಅಷ್ಟೇ ಸಾಲದು.

ಅದೇ ಹಳೆಯ ಸಿನಿಮಾ ಅದೇ ಹೊತ್ತಿಗೆ ಲಿಂಗಸಗೂರಿನಲ್ಲೂ ಇದೆ. ಮದುವೆಯಾದ ಹೊಸದರಲ್ಲಿ ನೀವು ನನಗೆ ಮೊದಲು ತೋರಿಸಿದ್ದು ಅದನ್ನೇ. ಶುಕ್ರವಾರ ಮ್ಯಾಟ್ನಿಗೆ ಎರಡು ಟಿಕೆಟ್ ತೆಗೆದುಕೊಂಡು ಗೇಟಿನಲ್ಲಿ ನಿಂತಿರುತ್ತೇನೆ. ಅಲ್ಲಿ ವೇದಿಕೆಯ ಮೇಲೆ ನಿಮ್ಮ ಹೆಸರು ಕೂಗುವ ಹೊತ್ತು, ಇಲ್ಲಿ ದೀಪ ಆರುವ ಹೊತ್ತು, ಎರಡೂ ಒಂದೇ. ಎರಡೂ ಕಡೆ ಇರಲು ನಿಮಗೆ ಆಗುವುದಿಲ್ಲ. ನೀವು ಬಾರದಿದ್ದರೆ ಅದೇ ಉತ್ತರ ಎಂದು ತಿಳಿದು, ಒಬ್ಬಳೇ ಒಳಗೆ ಹೋಗಿ ಸಿನಿಮಾ ನೋಡುತ್ತೇನೆ. ಆಮೇಲೆ ಮೆಷಿನ್ನು ತರಿಸಿಕೊಂಡು ಇಲ್ಲೇ ಹೊಲಿಗೆ ಹಚ್ಚುತ್ತೇನೆ. ಹೆದರಿಸುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣಿ. ಬೈಕಿನ ಹಿಂದಿನ ಬ್ರೇಕು ಸಡಿಲಾಗಿದೆ, ಎಲ್ಲಿಗೇ ಹೋಗುವುದಿದ್ದರೂ ತೋರಿಸಿಕೊಂಡು ಹೋಗಿ.

ಸಿನಿಮಾ ತಿಳಿಯದ ನಿಮ್ಮ
ಮಹೇಶ್ವರಿ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಅಂಬಿಕಾ ಬಂದಳು. ಕಣ್ಣು ಕೆಂಪಗೆ ಮಾಡಿಕೊಂಡಿದ್ದಳು, ತಮ್ಮನಿಗೆ ಕೇಳಿಸಿದ್ದಕ್ಕೆ ನನ್ನ ಕೈ ಹಿಡಿದು ಅತ್ತಳು. ಅವತ್ತು ನಾನು ಅವಳಿಗೆ ಎರಡು ಸಲ ರೆಕಾರ್ಡ್ ಮಾಡಿ ಕಳಿಸಿದ್ದೆ, ಊರಿಗೆ ಹೋದದ್ದು ಮೊದಲನೆಯದು ಮಾತ್ರ. ಎರಡನೆಯದನ್ನು ಇಬ್ಬರೂ ಕೂತು ಕೇಳಿದೆವು. ಅದರಲ್ಲಿ ನಾನು, ಇದೆಲ್ಲ ನಂದಲ್ಲವ್ವಾ, ನಿನ್ನೆ ಮಸ್ಕ್ಯಾಗ ನಮ್ಮನಿಯವ್ರು ಅಂದಿದ್ದು, ಎನ್ನುತ್ತೇನೆ. ಹಿಂದೆಯೇ ಪಡಸಾಲೆಯಿಂದ ನಿಮ್ಮ ನಗು, ನಿಮ್ಮ ದನಿ: "ಏ ಮಹೇಶ್ವರಿ, ಅವ್ವ ಸಾಯೋ ಸೀನಿನ್ಯಾಗ ಕರೇನ ಅತ್ತಾನ, ಅದೊಂದ ಸಾಕಿತ್ತು, ಅದನ್ನೂ ಹೇಳು."

ಇದನ್ನು ಸಂಘದ ಗುಂಪಿಗೆ ಹಾಕಿಬಿಡಲೇ, ನಿನ್ನ ಮೇಲಿನ ಅಪವಾದ ಒಂದೇ ಏಟಿಗೆ ಹೋಗುತ್ತದೆ, ಎಂದು ಅಂಬಿಕಾ ಕೇಳಿದಳು. ಬೇಡ ಎಂದೆ. ಅವಳ ಫೋನಿನಿಂದಲೂ ನನ್ನ ಫೋನಿನಿಂದಲೂ ಅಳಿಸಿದ್ದಾಯಿತು. ಇನ್ನು ನಿಮ್ಮ ಮೇಲೆ ಯಾವ ಸಾಕ್ಷಿಯೂ ಇಲ್ಲ. ಶುಕ್ರವಾರ ಹೆದರಿಕೊಂಡು ಬರಬೇಡಿ, ಬರುವ ಮನಸ್ಸಿದ್ದರೆ ಬನ್ನಿ.