ಕೊಡದ ಮೇಲಿನ ಹೆಸರು

26 ಫೆಬ್ರವರಿ 1985, ಮಂಗಳವಾರ, ದಾವಣಗೆರೆ

ಇವತ್ತೂ ಬೀದಿ ನಲ್ಲಿಯಲ್ಲಿ ನೀರು ಬರಲಿಲ್ಲ. ದಿನವಿಡೀ ಪಾಳಿಯಲ್ಲಿ ನಮ್ಮ ಬದಲು ಕೊಡಗಳೇ ನಿಂತಿದ್ದವು. ಬೆಳಿಗ್ಗೆ ಓಟು ಕೇಳಲು ಬಂದವರು ತಪ್ಪೆಲ್ಲ ದಿಲ್ಲಿಯದು ಎಂದರು. ಸಂಜೆ ಬಂದವರು ಬೆಂಗಳೂರಿನದು ಎಂದರು. ಮನೆ ಬಾಡಿಗೆ, ಸೀಮೆಎಣ್ಣೆ ದರ ಕೇಳಿದರೂ ಅದೇ ಪಲ್ಲವಿ.

ಸಂಜೆಯ ಅಭ್ಯರ್ಥಿ ನನ್ನ ತಾಮ್ರದ ಕೊಡದ ಮೇಲೆ ಕೆತ್ತಿದ ಹೆಸರು ಓದಿ ಮೈಕಿನಲ್ಲಿ ಕೂಗಿದ: "ಇಮಾಂಬೀ ಅಕ್ಕಾರೇ, ನಾವು ಗೆದ್ರೆ ನಿಮ್ಗೂ ಸ್ವಂತ ಮನಿ, ಮನಿ ಮುಂದ ನಲ್ಲಿ!"

ಪಕ್ಕದ ಮನೆಯ ಕೊಟ್ರವ್ವ ನನ್ನತ್ತ ತಿರುಗಿದಳು. "ಆಕಿ ತೀರ್ಕಂಡು ವರ್ಷ ಆತು ಅಂತ ಹೇಳ್ಬಾರ್ದೇನ್ರಿ?"

ನಾನು ಹೇಳಲಿಲ್ಲ. ನನ್ನ ಹೆಂಡತಿಯ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಎಷ್ಟು ದಿನವಾಗಿತ್ತು! ಇನ್ನೊಮ್ಮೆ ಕೂಗಲಿ ಎಂದು ಕಾದೆ. ಜೀಪು ಮುಂದಿನ ಓಣಿಗೆ ಹೋಯಿತು.

ನಾಳೆ ಕೊಡವನ್ನು, ಹೆಸರು ರಸ್ತೆಗೆ ಕಾಣುವಂತೆ ಇಡಬೇಕು.