ಮೇಲಿನ ಒಂದು ರೂಪಾಯಿ

ಅಜ್ಜಂಪುರ
14-4-1979

ಗೆಳೆಯ ಶಾಮಣ್ಣನಿಗೆ ಷಣ್ಮುಖಪ್ಪನ ನಮಸ್ಕಾರ.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಕಾಗದಕ್ಕೆ ಎರಡು ತಿಂಗಳು ತಡವಾಗಿ ಬರೆಯುತ್ತಿದ್ದೇನೆ, ಬೇಸರಿಸಬೇಡ. ಊರಿಗೊಂದು ಸಹಕಾರಿ ಬ್ಯಾಂಕು ಕಟ್ಟುವ ಓಡಾಟದಲ್ಲಿ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. ಈಗ ಬೇಕಾದಷ್ಟಿದೆ. ಬ್ಯಾಂಕು ಆಗಲಿಲ್ಲ.

ಮಾರ್ಚ್ ಮುಗಿಯುವುದರೊಳಗೆ ಇಪ್ಪತ್ತು ಸಾವಿರ ಷೇರು ಬಂಡವಾಳ ಕೂಡಬೇಕಿತ್ತು. ಒಂದು ರೂಪಾಯಿ ಕಡಿಮೆಯಾದರೂ ಲೈಸೆನ್ಸಿಲ್ಲ. ಷೇರಿಗೆ ಹತ್ತು ರೂಪಾಯಿ. ಊರವರ ದುಡ್ಡು ಊರವರಿಗೇ ಸಾಲವಾಗಿ ಸಿಗಲಿ ಎಂದು ಅಂಗಡಿ ಬಾಗಿಲು ಹಾಕಿ ಶಿವನಿ, ಯಗಟಿಯವರೆಗೂ ಮನೆಮನೆ ತಿರುಗಿದೆ. ಯಾರೂ ಬರಿಗೈಯಲ್ಲಿ ಕಳಿಸಲಿಲ್ಲ. ಒಬ್ಬರು ಹನ್ನೊಂದು ಕೊಟ್ಟರು, ಇನ್ನೊಬ್ಬರು ಇಪ್ಪತ್ತೊಂದು. ಮೇಲಿನ ಒಂದು ರೂಪಾಯಿ ವಾಪಸು ಕೊಡಹೋದರೆ ಮುಖ ಸಿಂಡರಿಸುತ್ತಿದ್ದರು. ಎಂಥ ಧಾರಾಳದ ಜನ ಎಂದು ನಾನು ಹಿಗ್ಗಿದ್ದೇ ಹಿಗ್ಗಿದ್ದು.

ಯಗಟಿಯಲ್ಲಿ ಕುರಿ ಸಾಕಿರುವ ಚಿಕ್ಕಬೀರಪ್ಪನನ್ನು, "ಇನ್ನೊಂದು ಹತ್ತು ಷೇರು ತಗೊಳ್ಳಪ್ಪ, ನಾಳೆ ನಿಂಗೇ ಸಾಲ ಸಿಗ್ತದೆ" ಎಂದು ಒತ್ತಾಯಿಸಿದೆ.

"ಅದ್ಯಾಕ್ ಸಾವ್ಕಾರ್ರೇ? ನನ್ ಮಗನ್ ಮದ್ವೇಲಿ ನೀವು ಹನ್ನೊಂದು ಮುಯ್ಯಿ ಮಾಡಿದ್ರಿ. ಹನ್ನೊಂದು ತೀರ್ಸಿದ್ದೀನಿ. ಜಾಸ್ತಿ ಕೊಟ್ರೆ ನಿಮ್ಗೇ ಭಾರ" ಎಂದ.

ಮನೆಗೆ ಬಂದು ಹೆಂಡತಿ ದಾಕ್ಷಾಯಣಿಯ ಕೈಲಿ ಮುಯ್ಯಿ ಪುಸ್ತಕ ತೆಗೆಸಿದೆ. ಯಾರ ಮದುವೆಗೆ ನಾವು ಎಷ್ಟು ಬರೆಸಿದ್ದೆವೋ ಅವರಿಂದ ಅಷ್ಟೇ ಬಂದಿತ್ತು. "ನೀವು ಬ್ಯಾಂಕು ಅಂತ ಹೋದ್ರಿ. ಅವ್ರು ನಮ್ಮನೇಲಿ ಶುಭಕಾರ್ಯ ಅಂದ್ಕೊಂಡ್ರು ಕಣ್ರೀ" ಎಂದು ಅವಳು ನಕ್ಕಳು. ನನ್ನ ಹತ್ತು ಸಾವಿರ ಸೇರಿಸಿದರೂ ಮೊತ್ತ ಹದಿನೈದು ಸಾವಿರದ ಚಿಲ್ಲರೆಯಲ್ಲೇ ನಿಂತಿತು. ಅರ್ಜಿ ವಾಪಸು ಬಂತು.

ಈಗ ಹಣ ಹಿಂದಕ್ಕೆ ಕೊಡಹೋದರೆ ಯಾರೂ ಮುಟ್ಟುತ್ತಿಲ್ಲ. ತೀರಿದ ಮುಯ್ಯಿ ಮತ್ತೆ ತಲೆಗೆ ಬರುತ್ತದಂತೆ. ಇನ್ನು ನನ್ನ ಮಗಳ ಮದುವೆಗೆ ಎಲ್ಲರೂ ಕೈಬೀಸಿಕೊಂಡು ಬಂದು ಉಂಡುಹೋಗುತ್ತಾರೆ, ನೋಡುತ್ತಿರು.

ಅತ್ತಿಗೆ ಶಾರದಾಂಬಾ ಅವರಿಗೆ ನಮಸ್ಕಾರ ತಿಳಿಸು. ಮಕ್ಕಳಿಗೆ ಒಳ್ಳೆಯದಾಗಲಿ.

ಇಂತಿ ನಿನ್ನ
ಷಣ್ಮುಖಪ್ಪ

ತಾ.ಕ.: ಚಿಕ್ಕಬೀರಪ್ಪನಿಗೆ ಷೇರು ಎಂದರೇನೆಂದು ಗೊತ್ತಿರಲಿಲ್ಲ. ನೀನು ಕಡೂರಿನಲ್ಲಿ ಬ್ಯಾಂಕಿನ ಕುರ್ಚಿಯಲ್ಲೇ ಕೂತವನು. "ಐದು ಸಾವಿರ ನಂದಿರಲಿ, ಶುರು ಮಾಡು" ಎಂದು ನೀನು ಹೇಳಿದ್ದರಿಂದಲೇ ನಾನು ಕೈಹಾಕಿದ್ದು. ಫೆಬ್ರವರಿಯಲ್ಲಿ ನಿನ್ನ ಕಾಗದದ ಜೊತೆಗೇ ಮನಿಯಾರ್ಡರ್ ಬಂತು, ಐವತ್ತೊಂದು ರೂಪಾಯಿ. ನಿನ್ನ ಮಗಳ ಮದುವೆಯಲ್ಲಿ ನಾನು ಬರೆಸಿದ್ದೂ ಅಷ್ಟೇ. ಬ್ಯಾಂಕು ಹೋದದ್ದಕ್ಕಿಂತ ಇದು ಹೆಚ್ಚು ನೋಯಿಸಿತು. ನಮ್ಮಿಬ್ಬರ ನಡುವೆ ತೀರಿಸಿಬಿಡುವಂಥದ್ದು ಏನಿತ್ತು, ಶಾಮಣ್ಣ?